ಮರ್ಲ್‌ನ ಹುಲ್ಲುಗಾವಲಿನ ದಡ

ಲಿಯೋನಾ ಬ್ಲಾಕ್‌ಬೆರಿ ಮುಳ್ಳಿನ ಬುಡವೊಂದನ್ನು ಗುದ್ದಲಿಯಿಂದ ಮೀಟುತ್ತಿದ್ದಾಗ ದಿಬ್ಬದ ಮೇಲಿನ ಮನೆಯಿಂದ ಥೋರಾಳ ಗಂಡ ಐನಾರ್ ಇಳಿದು ಬಂದ. ಅವನು ಹಳ್ಳದ ಕಡೆಗೆ ಬಾರದೆ ಎಷ್ಟೋ ವರ್ಷಗಳಾಗಿದ್ದವು. ಮನೆಯೊಳಗೆ ಹಾಕುವ ಮೆತ್ತನೆಯ ಚಪ್ಪಲಿಯಲ್ಲೇ ಬಂದಿದ್ದ. ಅದು ಕೆಸರಿನಿಂದ ಭಾರವಾಗಿತ್ತು.

"ಥೋರಾ ಎಲ್ಲಿ?" ಎಂದಳು ಲಿಯೋನಾ. "ಕಾಫಿ ತರ್ತೀನಿ ಅಂದಿದ್ಲು. ನಮ್ಮ ಕೈಯೆಲ್ಲಾ ಮರಗಟ್ಟಿ ಹೋಗಿದೆ ಇಲ್ಲಿ."

"ಕಾಫಿ ಆಗಿದೆ," ಎಂದ ಐನಾರ್. "ಇವಳು ಬೂಟು ಹಾಕ್ಕೊಳ್ಳೋಕೆ ಅಂತ ಕುರ್ಚೀಲಿ ಕೂತ್ಲು. ಮತ್ತೆ ಏಳ್ಲೇ ಇಲ್ಲ, ಲಿಯೋನಾ."

ಹಳ್ಳದ ಉದ್ದಕ್ಕೂ ಕೆಲಸ ನಿಂತಿತು. ಗುದ್ದಲಿಗಳನ್ನು ಅಲ್ಲಲ್ಲೇ ಬಿಟ್ಟು ಎಲ್ಲರೂ ಅವನ ಹಿಂದೆ ದಿಬ್ಬ ಹತ್ತಿದರು.

ಅದು ಶನಿವಾರ. ಮಣ್ಣು ಮಾಡುವುದು ಮುಂದಿನ ಶನಿವಾರವೆಂದು ಪಾದ್ರಿಗಳು ಗೊತ್ತು ಮಾಡಿದರು. ಆ ಶನಿವಾರವನ್ನು ಥೋರಾ ಬೇರೆಯದಕ್ಕೆ ಗೊತ್ತು ಮಾಡಿಟ್ಟಿದ್ದಳೆಂಬುದು ಆಗ ಯಾರ ಬಾಯಿಂದಲೂ ಬರಲಿಲ್ಲ.

*

ಥೋರಾ ಜೀವಮಾನವಿಡೀ ಶಾಲೆಯ ಬಸ್ಸು ಓಡಿಸಿದವಳು. ಬಸ್ಸು ಬಿಟ್ಟ ಮೇಲೆ ಹಳ್ಳವನ್ನು ಹಿಡಿದಳು. ಸಾಲ್ಮನ್ ಮೀನುಗಳು ಕಡಲಿನಿಂದ ಹತ್ತಿ ಬಂದು ಮೊಟ್ಟೆ ಇಡುವ ಹಳ್ಳ ಅದು. ಅಜ್ಜಂದಿರು ಹುಲ್ಲುಗಾವಲಿಗಾಗಿ ದಡದ ಮರಗಳನ್ನೆಲ್ಲ ಕಡಿದಿದ್ದರು. ನೀರು ಬಿಸಿಲಿಗೆ ಕಾಯುತ್ತಿತ್ತು, ದಡ ಕುಸಿದು ಕೆಸರು ಮೊಟ್ಟೆಗಳನ್ನು ಮುಚ್ಚುತ್ತಿತ್ತು. ಹಿಂದೆ ಆ ದಡದಲ್ಲಿ ಯಾವುದು ಇತ್ತೋ ಅದನ್ನೇ ಮತ್ತೆ ನೆಡಬೇಕೆಂದು ಅವಳು ಹಟ ಹಿಡಿದಳು. ತನ್ನ ಬಸ್ಸಿನಲ್ಲಿ ಕೂತು ದೊಡ್ಡವರಾದವರನ್ನೇ ಫೋನು ಮಾಡಿ ಕರೆದಳು. ಹಾಗೆ ಬಂದವರಿಗೆ ಊರಿನಲ್ಲಿ ಶನಿವಾರದವರು ಎಂದು ಹೆಸರು ಬಿತ್ತು. ಲಿಯೋನಾ ನದಿಯ ಬಾಯಲ್ಲಿ ತಲೆತಲಾಂತರದಿಂದ ಬಲೆ ಹಾಕುತ್ತ ಬಂದ ಮೂಲನಿವಾಸಿಗಳ ಪೈಕಿ. ಮೊದಲ ದಿನವೇ ಬಂದು, "ನಿಮ್ಮಜ್ಜ ಕಡಿದಿದ್ದನ್ನ ನಾನೂ ಬಂದು ನೆಡಬೇಕಾ?" ಎಂದು ಚುಚ್ಚಿದ್ದಳು. ಆಮೇಲೆ ಒಂದು ಶನಿವಾರವನ್ನೂ ತಪ್ಪಿಸಲಿಲ್ಲ.

ಮೊದಲ ವರ್ಷ ಐನಾರನೂ ಬಂದಿದ್ದ. ವಿಲೋ ಮರದ ಹಸಿ ಕೊಂಬೆಗಳನ್ನು ಮಾರುದ್ದಕ್ಕೆ ಕಡಿದು, ಬುಡದ ಕಡೆ ಕೆಳಗೆ ಮಾಡಿ ಒದ್ದೆ ಮಣ್ಣಿಗೆ ಹೊಡೆದರೆ ಸಾಕು, ಬೇರು ಬಿಡುತ್ತದೆ. ಐನಾರ್ ಬೇಲಿ ಹಾಕುವ ಕಸುಬಿನವನು. ಮರ ಬೆಳೆದ ದಿಕ್ಕಿಗೆ ತಿರುವುಮುರುವಾಗಿ ಕಂಬ ನೆಟ್ಟರೆ ಅದು ನೀರು ಹೀರುವುದಿಲ್ಲ, ಬೇಗ ಕೊಳೆಯುವುದಿಲ್ಲ ಎಂದು ಅವನಪ್ಪ ಕಲಿಸಿದ್ದ. ಆ ದಿನವೂ ಅವನ ಕೈ ಹಾಗೇ ನಡೆಯಿತು. ಸೊಗಸಾದ ನೇರ ಸಾಲು, ಎಲ್ಲವೂ ತಲೆಕೆಳಗು.

"ನೋಡ್ರಪ್ಪಾ, ಐನಾರ್ ಮರಗಳಿಗೆ ಶೀರ್ಷಾಸನ ಹಾಕಿಸ್ತಾ ಇದಾನೆ!" ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು. ಥೋರಾಳೂ ನಕ್ಕಳು.

ಐನಾರ್ ಸುತ್ತಿಗೆಯನ್ನು ಕೆಳಗಿಟ್ಟು ಮನೆಗೆ ಹೋದ. ಸಂಜೆ ಅವಳು, "ಬೇಲಿ ಕಂಬ ಅಲ್ವೋ ಅದು, ಬೆಳೆಯೋ ಕಂಬ. ಅದಕ್ಕೇ ನಗು ಬಂತು," ಎಂದಳು. ಮರುದಿನ ಅವಳೊಬ್ಬಳೇ ಆ ಸಾಲನ್ನೆಲ್ಲ ಕಿತ್ತು ತಿರುಗಿಸಿ ನೆಡುವುದನ್ನು ಅವನು ರಸ್ತೆಯಿಂದಲೇ ನೋಡಿದ.

ಆಮೇಲೆ ಪ್ರತಿ ಶನಿವಾರ ಬೆಳಿಗ್ಗೆ ಅವಳು "ಬರ್ತೀಯಾ?" ಎನ್ನುತ್ತಿದ್ದಳು. ಅವನು "ಕೆಲಸ ಇದೆ" ಎನ್ನುತ್ತಿದ್ದ. ಕೊನೆಯ ಶನಿವಾರವೂ ಕೇಳಿದಳು. ಅವನಿಗೆ ಅಂದು ಯಾವ ಕೆಲಸವೂ ಇರಲಿಲ್ಲ.

*

ಸಮಾಧಿಗೆ ಮಣ್ಣು ಹಾಕಿ ಜನ ಚರ್ಚಿನ ನೆಲಮಾಳಿಗೆಗೆ ಇಳಿದರು. ಉದ್ದ ಮೇಜಿನ ಮೇಲೆ ಹಂದಿಮಾಂಸದ ಸ್ಯಾಂಡ್‌ವಿಚ್, ಬೇಯಿಸಿದ ಆಲೂಗೆಡ್ಡೆ, ಲಿಯೋನಾಳ ಮನೆಯವರು ತಂದ ಹೊಗೆ ಹಾಕಿದ ಮೀನು. ಮರ್ಲ್ ತಟ್ಟೆ ಹಿಡಿದು ನೇರವಾಗಿ ಲಿಯೋನಾಳ ಹತ್ತಿರ ಬಂದ. ಹಳ್ಳದ ಎರಡೂ ದಡದಲ್ಲಿ ಮರ ಎದ್ದಿದ್ದರೂ ನಡುವೆ ಬೋಳಾಗಿ ಉಳಿದದ್ದು ಅವನ ಹುಲ್ಲುಗಾವಲೊಂದೇ. ಅಲ್ಲೂ ನೆಡಲು ಈ ಚಳಿಗಾಲದಲ್ಲಷ್ಟೇ ಅವನು ಥೋರಾಳಿಗೆ ಒಪ್ಪಿಗೆ ಕೊಟ್ಟಿದ್ದ; ಅವಳು ಗೊತ್ತು ಮಾಡಿದ್ದ ದಿನ ಇದೇ ಶನಿವಾರ.

"ನೆಡ್ತೀರೋ ಇಲ್ವೋ? ನಿಮಗೋಸ್ಕರ ಕಟ್ಟಿಹಾಕಿರೋ ನನ್ನ ಹಸುಗಳು ಬೆಳಿಗ್ಗೆಯಿಂದ ಕೊಟ್ಟಿಗೇಲಿ ಕೂಗ್ತಾ ಇವೆ."

"ಮೆಲ್ಲಗೆ ಮಾತಾಡು ಮರ್ಲ್. ಇದು ಸಾವಿನ ಊಟ."

"ಈ ದಿನ ಗೊತ್ತು ಮಾಡಿದ್ದು ಸತ್ತೋಳೇ ತಾನೆ? ಎಷ್ಟು ವರ್ಷ ನನ್ನ ತಲೆ ತಿಂದ್ಲು!"

ಥೋರಾಳ ತಂಗಿ ಸಿಗ್ನಿ ಕಾಫಿ ಪಾತ್ರೆಯನ್ನು ಟಪ್ಪೆಂದು ಇಟ್ಟಳು. "ನಾಚಿಕೆ ಆಗಲ್ವಾ? ನಮ್ಮಕ್ಕನ ಮೇಲಿನ ಮಣ್ಣು ಇನ್ನೂ ಹಸಿ ಇದೆ. ಇವತ್ತೇ ಕೆಸರು ತುಳೀಬೇಕಾ? ಮುಂದಿನ ವರ್ಷ ನೆಡಿ."

"ಅವಳೇ ಕಡಿದಿಟ್ಟ ವಿಲೋ ಕಡ್ಡಿ, ತೊಟ್ಟೀಲಿ ಮೊಗ್ಗು ಊದಿಕೊಂಡಿವೆ," ಎಂದಳು ಲಿಯೋನಾ ತಗ್ಗಿದ ದನಿಯಲ್ಲಿ. "ಎಲೆ ಒಡೆದ್ರೆ ಮುಗೀತು ಸಿಗ್ನಿ, ಆಮೇಲೆ ಬೇರು ಹಿಡಿಯಲ್ಲ."

"ಮುಂದಿನ ವರ್ಷ ನಾನು ಹೂಂ ಅಂತೀನಿ ಅಂತ ಯಾರು ಹೇಳಿದ್ದು?" ಎಂದ ಮರ್ಲ್. "ನಾನು ಹೂಂ ಅಂದಿದ್ದು ಅವಳಿಗೆ. ನಿಮಗಲ್ಲ."

ಎಲ್ಲರೂ ಮೂಲೆಯಲ್ಲಿ ಕೂತಿದ್ದ ಐನಾರನ ಕಡೆ ನೋಡಿದರು. ಅವನು ತಟ್ಟೆಯನ್ನು ಮುಟ್ಟಿರಲಿಲ್ಲ.

"ಸಿಗ್ನಿ, ನೀನು ಹೇಳೋದು ತಪ್ಪಲ್ಲ," ಎಂದ. "ಆದ್ರೆ ಅವಳು ಪ್ರತಿ ಶನಿವಾರ ಕರೀತಿದ್ಲು. ಇವತ್ತು ಶನಿವಾರ."

ಎದ್ದು ನಿಂತ. ಸಿಗ್ನಿ ಅವನ ತೋಳು ಹಿಡಿದಳು. "ಆ ಕೋಟಲ್ಲೇ ಹೋಗ್ತೀಯಾ ಭಾವ? ಹಾಳಾಗತ್ತೆ."

"ಆಗ್ಲಿ."

ಪಾದ್ರಿಗಳು ಕೊರಳಿನ ಬಿಳಿ ಪಟ್ಟಿಯನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡರು. "ನನ್ನ ಬೂಟು ಕಾರಲ್ಲೇ ಇವೆ," ಎಂದರು.

*

ಮರ್ಲ್ ಕಬ್ಬಿಣದ ಹಾರೆಯಿಂದ ದಡದಲ್ಲಿ ತೂತು ಹೊಡೆಯುತ್ತ ಮುಂದೆ ಹೋದ. ಕಪ್ಪು ಬಟ್ಟೆಯವರೆಲ್ಲ ಕಡ್ಡಿಯ ಕಟ್ಟುಗಳನ್ನು ಹೊತ್ತು ಹಿಂದೆ ನಡೆದರು. ಲಿಯೋನಾ ಒಂದು ಕಡ್ಡಿಯನ್ನು ಐನಾರನ ಕೈಗೆ ಕೊಟ್ಟಳು. ಯಾವ ತುದಿ ಯಾವುದೆಂದು ಹೇಳಲಿಲ್ಲ. ಅವನು ಕನ್ನಡಕ ತೆಗೆದು ಹೆಬ್ಬೆರಳನ್ನು ತೊಗಟೆಯ ಮೇಲೆ ಓಡಿಸಿದ. ಒಂದು ಕಡೆಗೆ ನುಣ್ಣಗೆ ಜಾರಿತು, ಇನ್ನೊಂದು ಕಡೆಗೆ ಮೊಗ್ಗುಗಳು ತಡೆದವು. ಮೊಗ್ಗಿನ ಮೂತಿ ಮೇಲಕ್ಕೆ ಬರುವಂತೆ ಕಡ್ಡಿಯನ್ನು ತಿರುಗಿಸಿ ಹಿಡಿದ.

"ಸರಿ ತಾನೆ?"

"ನಿಮಗೆ ಗೊತ್ತಾಯ್ತಲ್ಲ."

ಅವನು ಸುತ್ತಿಗೆ ಎತ್ತಿದ. ಬೇಲಿ ಕಂಬ ಹೊಡೆದ ಕೈ. ಮೂರು ಏಟಿಗೆ ಕಡ್ಡಿ ಗಟ್ಟಿಯಾಗಿ ಕೂತಿತು. ಇನ್ನೊಂದು ತೆಗೆದುಕೊಂಡ. ಮಧ್ಯಾಹ್ನವೆಲ್ಲ ಅವನು ಕೂರಲೇ ಇಲ್ಲ. ದಣಿದವರು ಒಬ್ಬೊಬ್ಬರಾಗಿ ಮನೆಗೆ ಹೋದರು. ಮರ್ಲ್, "ಏಯ್ ಮುದುಕಾ, ಇವತ್ತೇ ನಿನ್ನನ್ನೂ ಹೂಳಬೇಕಾ? ಸಾಕು ಮಾಡು," ಎಂದು ಬೈದ. ಐನಾರ್ ಕಟ್ಟಿನಲ್ಲಿದ್ದ ಕೊನೆಯ ಕಡ್ಡಿಯನ್ನು ಹೊಡೆದ ಮೇಲೆಯೇ ಬೆನ್ನು ನೆಟ್ಟಗೆ ಮಾಡಿದ್ದು.

ಇಳಿಬಿಸಿಲು ಅವನ ಬೆನ್ನಿಗಿತ್ತು. ಎಲೆಯಿಲ್ಲದ ಕಡ್ಡಿಗಳ ನೆರಳು ನೀರಿನ ಮೇಲೆ ಗೆರೆಯಷ್ಟೇ ಬಿದ್ದಿತ್ತು. ಅಗಲವಾಗಿ ಬಿದ್ದದ್ದು ಅವನ ನೆರಳೊಂದೇ. ಏನೋ ಮಿಣುಕಿದಂತಾಗಿ ಬಗ್ಗಿ ನೋಡಿದ. ಜಲ್ಲಿಯೊಳಗಿಂದ ಆಗಷ್ಟೇ ಎದ್ದ ಮರಿಮೀನುಗಳು, ಬೆಂಕಿಕಡ್ಡಿಗಿಂತ ಸಣ್ಣವು, ಬಿಸಿಲನ್ನು ಬಿಟ್ಟು ಅವನ ನೆರಳಿನೊಳಗೆ ಒಂದೊಂದಾಗಿ ಬಂದು ಸೇರುತ್ತಿದ್ದವು.

"ಬನ್ನಿ, ಚಳಿ ಏರ್ತಾ ಇದೆ," ಎಂದು ಲಿಯೋನಾ ಮೇಲಿನಿಂದ ಕರೆದಳು.

ಅವನು ಕೈಯೆತ್ತಿ ತಡೆದ. ಒಂದು ಹೆಜ್ಜೆಯೂ ಕದಲಲಿಲ್ಲ. ಟೊಪ್ಪಿಗೆಯನ್ನು ಮೆಲ್ಲಗೆ ತೆಗೆದು ಎದೆಗೆ ಒತ್ತಿಕೊಂಡು, ತುಟಿ ಮಾತ್ರ ಆಡುವಷ್ಟು ಸಣ್ಣಗೆ ಹೇಳಿದ:

"ಕರ್ತನೇ, ಥೋರಾಳನ್ನ ನಿನ್ನ ನೆರಳಲ್ಲಿ ಇಟ್ಕೋ. ತುಂಬಾ ದಣಿದು ಬಂದಿದ್ದಾಳೆ. ಅವಳಿಗೆ ಶಾಂತಿ ಕೊಡು. ಆಮೆನ್."