ವೀವರ್ಸ್ ತಂಡದ ಒಂಬತ್ತನೆಯವಳು

ಆ ಶನಿವಾರ ಗೆಲ್ಲದಿದ್ದರೆ ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ವೀವರ್ಸ್ ಎಂಬ ಹೆಸರೇ ಅಳಿದುಹೋಗುತ್ತಿತ್ತು. ಲೀಗಿನಲ್ಲಿ ಕೊನೆಗೆ ನಿಂತ ಬೇಸ್‌ಬಾಲ್ ತಂಡವನ್ನು ಮುಂದಿನ ವರ್ಷ ಲೀಡ್ಸ್‌ನವರ ಜೊತೆ ಸೇರಿಸುವುದೆಂದು ತೀರ್ಮಾನವಾಗಿತ್ತು. ಎದುರಾಳಿಗಳು ನಮಗಿಂತ ಒಂದೇ ಸ್ಥಾನ ಮೇಲಿದ್ದ ಡಿಡ್ಸ್‌ಬರಿಯವರು. ಪಂದ್ಯ ಸಮವಾದರೂ ಅವರೇ ಉಳಿಯುತ್ತಿದ್ದರು.

ನಮ್ಮ ತಂಡದ ಮ್ಯಾನೇಜರ್ ಹರಿಶ್ಚಂದ್ರ ಮಾಮ. ಉಡುಪಿಯಿಂದ ಬಂದು ಇಲ್ಲಿ ಹೋಟೆಲು ಇಟ್ಟವರು. ದೋಸೆ ತಿನ್ನಲು ಬಂದವರನ್ನೂ ಬಿಡದೆ ತಂಡದ ಚರಿತ್ರೆ ಹೇಳುತ್ತಾರೆ. ಎರಡನೇ ಮಹಾಯುದ್ಧಕ್ಕಿಂತ ಮೊದಲು ಉಣ್ಣೆ ಗಿರಣಿಯ ನೇಕಾರರು ಕಟ್ಟಿದ ತಂಡವಂತೆ. ಶನಿವಾರ ಮಗ್ಗ ನಿಂತರೆ ಅರ್ಧ ಊರು ಮೈದಾನದಲ್ಲಿರುತ್ತಿತ್ತಂತೆ. ಯುದ್ಧ ಬಂದಾಗ ಅದೇ ಮೈದಾನದಲ್ಲಿ ಆಲೂಗಡ್ಡೆ ಬೆಳೆದರು. ಮುಂದೆ ಗಿರಣಿಗಳು ಮುಚ್ಚಿ ಫ್ಲ್ಯಾಟುಗಳಾದವು. ಆ ಗಿರಣಿಗಳಲ್ಲಿ ದುಡಿಯಲು ಬಂದಿದ್ದ ಪಂಜಾಬಿಗಳ ಮೊಮ್ಮಕ್ಕಳು ಯೂನಿವರ್ಸಿಟಿ ಹುಡುಗರ ಜೊತೆ ಸೇರಿ ತಂಡವನ್ನು ಮತ್ತೆ ಎಬ್ಬಿಸಿದರು.

ನಾನು ಹದಿನಾರಕ್ಕೇ ಶಾಲೆ ಬಿಟ್ಟು ಮಾಮನ ಅಡುಗೆಮನೆ ಸೇರಿದವಳು. ಪಂದ್ಯವಿದ್ದಾಗ ಚಹಾದ ಫ್ಲಾಸ್ಕ್ ಹಿಡಿದು ಬೆಂಚಿನ ತುದಿಯಲ್ಲಿ ಕೂರುತ್ತಿದ್ದೆ. ನೋಡುವುದು ನನಗೆ ಇಷ್ಟ, ಯಾರಾದರೂ ನನ್ನನ್ನು ನೋಡಿದರೆ ಕಷ್ಟ.

ಅವತ್ತು ನಮ್ಮ ಆಟಗಾರ ಸ್ವರೂಪ್ ಬರಬೇಕಿದ್ದ ರೈಲು ರದ್ದಾಯಿತು. ಒಂಬತ್ತು ಜನ ಇಲ್ಲದಿದ್ದರೆ ಆಡದೆಯೇ ಸೋಲು. ಮಾಮ ನನ್ನ ಕಡೆ ತಿರುಗಿದರು.

"ಎಂತ ನೋಡ್ತೀ? ಕ್ಯಾಪ್ ಹಾಕು ಮಾರಾಯ್ತಿ."

ನನಗೆ ಬರುವುದಿಲ್ಲ ಎಂದೆ. ಹಿತ್ತಿಲ ಕ್ರಿಕೆಟ್‌ನಲ್ಲಿ ತಮ್ಮ ಮಕ್ಕಳ ಬೌಲಿಂಗ್ ಚಚ್ಚುವಾಗ ಹೇಗೆ ಬರುತ್ತದೆ ಎಂದು ಕೇಳಿ, ಅವರೇ ನನ್ನ ತಲೆಗೆ ಕ್ಯಾಪ್ ಒತ್ತಿದರು.

ನನ್ನನ್ನು ಮೈದಾನದ ದೂರದ ಮೂಲೆಯಲ್ಲಿ ನಿಲ್ಲಿಸಿದರು. ಪುಣ್ಯಕ್ಕೆ ಅತ್ತ ಚೆಂಡು ಬರಲಿಲ್ಲ. ಬ್ಯಾಟು ಹಿಡಿದಾಗಲೆಲ್ಲ ಚೆಂಡಿಗೆ ತಾಗಿಸಲಾಗದೆ ಔಟಾದೆ. ಆದರೆ ಕೊನೆಯ ಸರದಿಯಲ್ಲಿ ಎರಡೂ ತಂಡ ಸಮ ಇದ್ದಾಗ, ನಮ್ಮವರಿಬ್ಬರು ಔಟಾದ ಮೇಲೆ ಬ್ಯಾಟು ಮತ್ತೆ ನನ್ನ ಕೈಗೆ ಬಂತು. ಮೂರನೆಯವರು ಔಟಾದರೆ ಆಟ ಮುಗಿದಂತೆ. ಧಾರವಾಡದಿಂದ ಓದಲು ಬಂದ ಮೃತ್ಯುಂಜಯ ಮೂರನೇ ಬೇಸಿನಲ್ಲಿ ನಿಂತಿದ್ದ. ನಾನು ಔಟಾಗದೆ ಮೊದಲ ಬೇಸ್ ಮುಟ್ಟಿ, ಅವನು ನಾನು ಬ್ಯಾಟು ಹಿಡಿದ ಜಾಗಕ್ಕೆ, ಬೇಸ್‌ಬಾಲಿನವರು 'ಮನೆ' ಎನ್ನುವಲ್ಲಿಗೆ, ಬಂದು ಸೇರಿದರೆ ಗೆದ್ದೆವು.

"ತಂಗಿ, ನೀ ಬರೇ ತಾಗಸು," ಎಂದ ಅವನು. "ಉಳದದ್ದು ನಾ ಓಡ್ತೀನಿ."

ಮೊದಲ ಚೆಂಡು ಕಾಣಲೇ ಇಲ್ಲ. ಎರಡನೆಯದು ಕಂಡಿತು, ಸಿಗಲಿಲ್ಲ. ಮೂರನೆಯದು ಬ್ಯಾಟಿನ ಅಡಿಗೆ ತಾಗಿ ನೆಲದಲ್ಲಿ ಪುಟಿಯುತ್ತ ಹೋಯಿತು. ನಾನು ಬ್ಯಾಟು ಹಿಡಿದುಕೊಂಡೇ ಓಡಿದೆ. ಮೊದಲ ಬೇಸ್ ಹತ್ತಿರವಾದಾಗ ಬಗ್ಗಿ, ಬ್ಯಾಟಿನ ತುದಿಯನ್ನು ಅದರ ಮೇಲೆ ಎಳೆದು, ಗರ್ರನೆ ತಿರುಗಿ ಬಂದ ದಾರಿಯಲ್ಲೇ ವಾಪಸ್ ಹೊರಟೆ. ಎರಡೂ ಕಡೆಯವರು ಬಾಯಿ ಬಿಟ್ಟು ನಿಂತರು.

"ಬ್ಯಾಟಲ್ಲ! ಕಾಲು, ಕಾಲು ಇಡು!" ಮಾಮನ ಗಂಟಲು ಒಡೆದಿತ್ತು.

ಡಿಡ್ಸ್‌ಬರಿಯವರು ಎಸೆದ ಚೆಂಡು ಬೇಸ್ ಕಾಯುವವನ ತಲೆ ಮೇಲೆ ಹಾರಿ ಹೋಗಿತ್ತು. ಅವನು ಅದನ್ನು ಹೆಕ್ಕಿ ಓಡಿ ಬರುತ್ತಿದ್ದ. ನಾನು ಮತ್ತೆ ತಿರುಗಿ, ಎರಡೂ ಕಾಲು ಜೋಡಿಸಿ ಬೇಸಿನ ಮೇಲೆ ಹಾರಿದೆ. ಮರುಕ್ಷಣವೇ ಅವನ ಕಾಲೂ ಅಲ್ಲಿಗೆ ಬಿತ್ತು. ಅಂಪೈರ್ ಎರಡೂ ಕೈ ಅಗಲಿಸಿದರು. ಔಟಲ್ಲ. ಮೃತ್ಯುಂಜಯ ಆಗಲೇ ಮನೆ ದಾಟಿದ್ದ.

ವೀವರ್ಸ್ ಉಳಿಯಿತು. ಮಾಮ ಓಡಿ ಬಂದು ನನ್ನನ್ನು ಫ್ಲಾಸ್ಕಿನ ಹಾಗೆ ಎತ್ತಿಕೊಂಡರು. ಬೇಸ್ ಕಾಯುತ್ತಿದ್ದ ಡಿಡ್ಸ್‌ಬರಿಯ ಆಟಗಾರ ಬಗ್ಗಿ ಮೊಣಕಾಲು ಹಿಡಿದು ನಗುತ್ತಿದ್ದ. ವಾಪಸ್ ಎಲ್ಲಿಗೆ ಹೊರಟಿದ್ದೆ ಎಂದು ಕೇಳಿದ.

"ಎರಡನೇ ರನ್ನಿಗೆ," ಎಂದೆ.