ಕೋಳಿಗುಂಡಿಯ ಬೂದಿ

ಕೋಳಿಗೆ ಹೇನಾದರೆ ಬೂದಿ ಹಾಕಬೇಕು. ಸುತಿರಾ ಮದುವೆಯಾಗಿ ಬಂದಾಗ ಅವಳ ಅತ್ತೆ ಹಾಗೆ ಮಾಡುತ್ತಿದ್ದಳು. ಅತ್ತೆ ಹೋದ ಮೇಲೆ ಸುತಿರಾ ಮಾಡಿದಳು. ಒಲೆಯ ಬೂದಿ ಆರಿದ ಮೇಲೆ ಬುಟ್ಟಿಗೆ ತುಂಬಿ, ಹಿತ್ತಲಲ್ಲಿ ಗೂಡಿನ ಮುಂದಿನ ಗುಂಡಿಗೆ ಸುರಿದರೆ ಸಾಕು. ಕೋಳಿಗಳು ತಾವೇ ಬಂದು ಹೊರಳಾಡಿ, ರೆಕ್ಕೆ ಬಡಿದು, ಕೆದಕಿ ಹೆಕ್ಕಿ ಹೋಗುತ್ತಿದ್ದವು.

ಪೂರ್ವ ಜಾವಾದ ಆ ಊರಿನಲ್ಲಿ ಮನೆಮನೆಯಲ್ಲೂ ತಾಹು ಮಾಡುತ್ತಾರೆ. ಸೋಯಾ ಕಾಳು ನೆನೆಸಿ ರುಬ್ಬಿ, ಹಾಲು ಕುದಿಸಿ ಒಡೆಸಿ, ಅಚ್ಚಿಗೆ ಹಾಕಿ ಗಟ್ಟಿ ಮಾಡಿ ಪೇಟೆಗೆ ಕಳಿಸುತ್ತಾರೆ. ದೊಡ್ಡ ಒಲೆ, ದಿನವಿಡೀ ಉರಿ. ಮೊದಲು ಕಟ್ಟಿಗೆ, ತೆಂಗಿನ ಚಿಪ್ಪು ಹಾಕುತ್ತಿದ್ದರು. ಕಟ್ಟಿಗೆ ದುಬಾರಿಯಾದ ಮೇಲೆ ಪ್ಲಾಸ್ಟಿಕ್ ಚೂರು ಲಾರಿಯಲ್ಲಿ ಬರತೊಡಗಿತು. ಅಗ್ಗ, ಉರಿಯೂ ಜೋರು. ಸುತಿರಾಳ ಮಗ ಜಾತ್ಮಿಕೋ ಕೂಡ ಅದನ್ನೇ ಹಾಕಿದ. ಹೊಗೆ ಕಪ್ಪಾಯಿತು, ಕೆಮ್ಮು ಬಂತು, ಆಮೇಲೆ ಅಭ್ಯಾಸವೂ ಆಯಿತು.

ಸೊಸೆ ನಿಂಗ್ರುಮ್ ಈಗ ಐದು ತಿಂಗಳ ಬಸುರಿ. ಮೊದಲ ಬಸಿರು ನಿಂತಿರಲಿಲ್ಲ. ಹಾಗಾಗಿ ಈ ಸಲ ಸುತಿರಾ ಅವಳನ್ನು ಬಿಂದಿಗೆ ಎತ್ತಲೂ ಬಿಡುತ್ತಿರಲಿಲ್ಲ. ಬೆಳಗಾದರೆ ಮನೆಕೋಳಿಯ ಮೊಟ್ಟೆ ಅರೆಬೇಯಿಸಿ, ಜೇನುತುಪ್ಪ ಕಲಸಿ, ಲೋಟ ಹಿಡಿದು ಮುಂದೆ ನಿಲ್ಲುತ್ತಿದ್ದಳು.

ಆ ದಿನ ನಿಂಗ್ರುಮ್ ಲೋಟ ಬಾಯಿಗಿಡುವಷ್ಟರಲ್ಲಿ ಎಂದಾಂಗ್ ಬಂದಳು. ತಿಂಗಳಿಗೊಮ್ಮೆ ಊರಿನ ಮಕ್ಕಳನ್ನು ತೂಗುವ, ಬಸುರಿಯರನ್ನು ನೋಡಿಕೊಳ್ಳುವ ಕಾರ್ಯಕರ್ತೆ ಅವಳು. ಸುತಿರಾಳನ್ನು ‘ಯೂ’ ಎಂದು, ಅಕ್ಕನ ಹಾಗೆ, ಕರೆಯುವವಳು.

“ನಿಂಗ್ರುಮ್, ತಡಿ, ಅದನ್ನ ಕುಡೀಬೇಡ.”

“ಯಾಕೇ? ನಿನಗೆ ಬೇಕಾ?” ಅಂದಳು ಸುತಿರಾ. “ನಿನ್ನ ಗಂಡನಿಗೆ ಹೇಳು, ಎರಡು ಕೋಳಿ ಸಾಕ್ಲಿ.”

“ತಮಾಷೆ ಬೇಡ ಯೂ. ಪರೀಕ್ಷೆ ಮಾಡ್ತೀವಿ ಅಂತ ಪೇಟೆಯೋರು ಮೊಟ್ಟೆ ತಗೊಂಡು ಹೋಗಿದ್ರಲ್ಲ?”

“ಹೂಂ, ನಮ್ಮ ಮನೇದೂ ಕೊಟ್ಟಿದ್ದೆ. ಏನಂದ್ರು? ಇಂಥ ಮೊಟ್ಟೆ ಕಂಡೇ ಇಲ್ಲ ಅಂದಿರಬೇಕು.”

“ಅದೇ ಅಂದ್ರು ಯೂ. ಈ ಊರಿನ ಮೊಟ್ಟೇಲಿ ವಿಷ ಇದೆಯಂತೆ. ಡಯಾಕ್ಸಿನ್ ಅಂತಾರೆ. ಪ್ಲಾಸ್ಟಿಕ್ ಸುಟ್ಟಾಗ ಹುಟ್ಟೋದು.”

ಸುತಿರಾ ನಕ್ಕಳು. “ಮೊಟ್ಟೆಗೇನು ಬಾಗಿಲಿದೆಯೇನೇ? ಅಷ್ಟು ಗಟ್ಟಿ ಚಿಪ್ಪು. ಹೊಗೆ ಒಳಗೆ ಹೋಗೋದು ಹೆಂಗೆ?”

“ಚಿಪ್ಪಿಂದ ಅಲ್ಲ, ಕೋಳಿ ಬಾಯಿಂದ. ಬೂದಿ ಮಣ್ಣಿಗೆ ಬೀಳತ್ತೆ, ಕೋಳಿ ಮಣ್ಣು ಕೆದಕಿ ತಿನ್ನತ್ತೆ. ಈ ವಿಷ ಹೋಗಿ ಕೂರೋದು ಕೊಬ್ಬಲ್ಲಿ. ಮೊಟ್ಟೆಯ ಹಳದಿ ಅಂದ್ರೆ ಕೊಬ್ಬೇ ತಾನೆ?”

“ಸರಿ, ಗಟ್ಟಿಯಾಗೋ ತನಕ ಬೇಯಿಸ್ತೀನಿ ಬಿಡು.”

“ಬೇಯಿಸಿದ್ರೆ ಸಾಯೋಕೆ ಅದೇನು ಹುಳವಾ?”

“ಕಣ್ಣಿಗೆ ಕಾಣಲ್ಲ, ನಾಲಿಗೆಗೆ ಗೊತ್ತಾಗಲ್ಲ, ಬೇಯಿಸಿದ್ರೂ ಹೋಗಲ್ಲ! ಚೆನ್ನಾಗಿದೆ ನಿನ್ನ ವಿಷ. ಇಷ್ಟು ವರ್ಷ ತಿಂದಿದೀನಲ್ಲ, ನಾನೇನು ಸತ್ತಿದೀನಾ?”

“ಇಲ್ಲ ಯೂ. ಆದ್ರೆ ನಿಮ್ಮ ಹೊಟ್ಟೇಲಿ ಮಗು ಇಲ್ವಲ್ಲ.”

“ಈ ವಯಸ್ಸಲ್ಲಿ ಅದೊಂದು ಇದ್ದಿದ್ರೆ ಊರೆಲ್ಲ ನೋಡೋಕೆ ಬರೋದು!”

ನಿಂಗ್ರುಮ್ ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಎಂದಾಂಗ್ ನಗಲಿಲ್ಲ. “ತಾಯಿ ಮೈಗೆ ಸೇರಿದ್ದು ಹೊಟ್ಟೇಲಿರೋ ಮಗುಗೆ ಹೋಗತ್ತೆ, ಹುಟ್ಟಿದ ಮೇಲೆ ಎದೆಹಾಲಲ್ಲೂ ಹೋಗತ್ತೆ. ಮಗು ಬೆಳವಣಿಗೆಗೆ ಅದು ಒಳ್ಳೇದಲ್ಲ,” ಎಂದಳು.

“ಇರಬಹುದಮ್ಮ, ಬೇರೆಯವರ ಮನೇಲಿ. ನಮ್ಮ ಕೋಳಿ ತಾಹು ಒಲೆ ಹತ್ರ ಸುಳಿಯೋದೇ ಇಲ್ಲ. ಹಿತ್ತಲು ಬಿಟ್ಟು ಆಚೆ ಬರಲ್ಲ ಅವು.”

ಅತ್ತೆಯನ್ನು ‘ಬು’ ಎಂದು, ಅಮ್ಮನ ಹಾಗೆ, ಕರೆಯುವ ನಿಂಗ್ರುಮ್ ಮೆಲ್ಲಗೆ ಅಂದಳು: “ಬು, ಹಿತ್ತಲಿನ ಗುಂಡಿಗೆ ನೀವು ಹಾಕೋದು ಆ ಒಲೆ ಬೂದೀನೇ ಅಲ್ವಾ?”

ಸುತಿರಾ ಹಿತ್ತಲ ಬಾಗಿಲಿನತ್ತ ತಿರುಗಿದಳು. ಕೆಂಪು ಹೇಂಟೆ ಗುಂಡಿಯಲ್ಲಿ ಮಲಗಿ ಬೂದಿಯನ್ನು ಮೈಮೇಲೆ ಎರಚಿಕೊಳ್ಳುತ್ತಿತ್ತು. ಅತ್ತೆಯ ಕಾಲದ ಬೂದಿ ಬೆಳ್ಳಗೆ, ಹಿಟ್ಟಿನ ಹಾಗೆ ಇರುತ್ತಿತ್ತು. ಇದು ಕಪ್ಪು, ಅಲ್ಲಲ್ಲಿ ಕರಗಿ ಅಂಟಿದ ಗಂಟು. ಕೋಳಿಗೆ ಚುಚ್ಚಬಾರದೆಂದು ಆ ಗಂಟುಗಳನ್ನು ಅವಳೇ ಹಿಮ್ಮಡಿಯಿಂದ ತುಳಿದು ಪುಡಿ ಮಾಡಿದ್ದಳು.

ಅವಳು ಸೊಸೆಯ ಕೈಯಿಂದ ಲೋಟ ತೆಗೆದುಕೊಂಡಳು.

“ಇಷ್ಟು ದಿನ ಕೊಟ್ಟಿದೀನಲ್ಲೇ. ಅದಕ್ಕೇನು ಮಾಡೋದು?”

“ಹೋಗಿದ್ದನ್ನ ತೆಗೆಯೋಕಾಗಲ್ಲ ಯೂ. ತಿಂದ ಮಾತ್ರಕ್ಕೆ ಕೆಟ್ಟದ್ದು ಆಗೇ ಆಗತ್ತೆ ಅಂತಲೂ ಅಲ್ಲ. ಇವತ್ತಿಂದ ಇನ್ನೂ ಸೇರಬಾರದು, ಅಷ್ಟೆ. ಸೋಯಾ ಕಾಳು ಹುದುಗಿಸಿ ಮಾಡೋ ಟೆಂಪೆ ಕೊಡಿ, ಮೀನು ಕೊಡಿ, ಸೊಪ್ಪು ಚೆನ್ನಾಗಿ ತೊಳೆದು ಕೊಡಿ. ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತೀನಿ, ಎಲ್ಲಾ ಹೇಳೋಣ.”

ಜಾತ್ಮಿಕೋ ಒಲೆಮನೆಯಿಂದ ಬಂದಾಗ ಸುತಿರಾ ಬಾಯಿಗೆ ಬಟ್ಟೆ ಕಟ್ಟಿಕೊಂಡು ಗುಂಡಿಯ ಬೂದಿಗೆ ನೀರು ಚಿಮುಕಿಸಿ ಚೀಲಕ್ಕೆ ತುಂಬುತ್ತಿದ್ದಳು. ಎಂದಾಂಗ್ ಹೇಳಿದ್ದನ್ನೆಲ್ಲ ಅವನಿಗೂ ಹೇಳಿ, ಇನ್ನು ಒಲೆಗೆ ಪ್ಲಾಸ್ಟಿಕ್ ಬೇಡ ಅಂದಳು.

“ಬು, ಪ್ಲಾಸ್ಟಿಕ್ ಬಿಟ್ರೆ ಒಲೆ ನಡೆಸೋದು ಹೆಂಗೆ? ಎಲ್ಲರೂ ಅದನ್ನೇ ಸುಡ್ತಾರೆ.”

“ಎಲ್ಲರ ಮಗು ಅಲ್ಲ ಕಣೋ, ನಿನ್ನ ಮಗು. ಅಕ್ಕಿ ಗಿರಣಿಯಲ್ಲಿ ಹೊಟ್ಟು ಸಿಗತ್ತಂತೆ, ಎಂದಾಂಗ್ ಹೇಳಿದ್ಲು. ಪಕ್ಕದ ಮನೆಯವರನ್ನೂ ಸೇರಿಸ್ಕೊಂಡು ಒಂದು ಲಾರಿ ತರಿಸು. ಉರಿ ನಿಧಾನ ಆದ್ರೆ ತಾಹುನೂ ನಿಧಾನ ಆಗ್ಲಿ.”

ಅವನು ಗೊಣಗಿದ. ಆದರೂ ಸಂಜೆ ಗಿರಣಿಗೆ ಹೋಗಿ ಬಂದ.

ಮಾರನೆಯ ದಿನ ಬೀದಿಯ ಕೊನೆಯ ಮನೆಯ ವಾರ್ತಿ ಬಟ್ಟಲು ಹಿಡಿದು ಬಂದಳು. ಮಗಳು ಬಾಣಂತಿ, ನಾಲ್ಕು ಮೊಟ್ಟೆ ಬೇಕಿತ್ತು. ಊರಿನ ಬಾಣಂತಿಯರಿಗೆಲ್ಲ ಸುತಿರಾಳ ಮನೆಯಿಂದಲೇ ಮೊಟ್ಟೆ ಹೋಗುವುದು. ಅದು ಅವಳಿಗೆ ಹೆಮ್ಮೆಯ ವಿಷಯ.

“ಕೊಡಲ್ಲ,” ಅಂದಳು ಸುತಿರಾ.

“ಅಯ್ಯೋ! ಸೊಸೆ ಬಸುರಿ ಆದ್ಮೇಲೆ ಮನೆಯವರಿಗೇ ಎತ್ತಿಟ್ಕೊಂಡ್ಯಾ? ಹಾಗಂತ ಹೇಳು.”

“ನನ್ನ ಸೊಸೆಗೂ ಕೊಡ್ತಿಲ್ಲ ವಾರ್ತಿ. ಬಟ್ಟಲು ಅಲ್ಲಿಡು. ಹಿತ್ತಲಿಗೆ ಬಾ, ನಾನು ಏನು ಮಾಡಿದ್ದೆ ಅಂತ ತೋರಿಸ್ತೀನಿ.”

ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಮನೆಯಲ್ಲೂ ಒಲೆ ಹೊತ್ತಿಸಲು ಪ್ಲಾಸ್ಟಿಕ್ ಕವರ್ ಹಾಕುತ್ತೀರಾ? ಕಸದ ರಾಶಿಗೆ ಕಡ್ಡಿ ಗೀರುತ್ತೀರಾ? ಇಂದೇ ನಿಲ್ಲಿಸಿ. ತೆಂಗಿನ ಗರಿ, ಸಿಪ್ಪೆ, ಸೌದೆ ಚಕ್ಕೆ ಸಾಕು. ಪ್ಲಾಸ್ಟಿಕ್ಕನ್ನು ಬೇರೆ ಮಾಡಿ ಕಸದ ಗಾಡಿಗೆ ಕೊಡಿ. ಪ್ಲಾಸ್ಟಿಕ್ ಬೆರೆತ ಬೂದಿಯನ್ನು ಕೋಳಿಗೆ, ಗಿಡಕ್ಕೆ, ಪಾತ್ರೆ ಉಜ್ಜಲು ಬಳಸಬೇಡಿ. ಬೂದಿ ಒಳ್ಳೆಯದೇ. ಆದರೆ ಯಾವುದರ ಬೂದಿ ಎಂದು ಮೊದಲು ಕೇಳಿಕೊಳ್ಳಿ.