ಸುರಿಯುವಾಗ ಮಾತಿಲ್ಲ

ಜೆಬಕನಿ ಬಿಸಿ ಸೀಸೆಯನ್ನು ಮಣಿಕಟ್ಟಿಗೆ ತಾಗಿಸಿ ನೋಡಿದಳು. ಇನ್ನೂ ಸುಡುತ್ತಿತ್ತು. ಈಗಲೇ ಔಷಧ ಹಾಕಿದರೆ ಅದರ ಶಕ್ತಿ ಹೋಗುತ್ತದೆ. ತೀರ ಆರಿದರೆ ಕ್ರಿಮಿ ಬೆಳೆಸುವ ಅಗರ್ ಪಾಕ ಗಂಟುಕಟ್ಟುತ್ತದೆ.

“ಅಲ್ಲಿ ಮನೆಯಂಗಳದಲ್ಲಿ ಅಮ್ಮನ ಹೆಣ, ಇಲ್ಲಿ ನೀನು ಗಂಜಿ ಆರಿಸ್ತಾ ನಿಂತಿದ್ದೀಯಲ್ಲೇ!” ಅವಳಮ್ಮ ರಾಜಕಿಳಿಯ ತಮ್ಮ ತಂಗದುರೈ ಪ್ರಯೋಗಾಲಯದ ಬಾಗಿಲಲ್ಲಿ ಏದುಸಿರು ಬಿಡುತ್ತಿದ್ದ. “ಪಾದ್ರಿಗಳು ಬಂದಾಯ್ತು. ನಾಗರಕೋಯಿಲೆಲ್ಲ ನನ್ನನ್ನೇ ಕೇಳ್ತಿದೆ, ಮಗಳೆಲ್ಲಿ ಅಂತ.”

“ಒಳಗೆ ಬರಬೇಡಿ ಮಾವ. ಎಳೆಮಕ್ಕಳ ವಾರ್ಡಲ್ಲಿ ಎರಡು ಮಗು ಹೋಗಿವೆ. ಈ ಔಷಧಕ್ಕೆ ಬಗ್ಗದ ಕ್ರಿಮಿ, ಯಾರದೋ ಕೈಯಲ್ಲಿ ಕೂತಿದೆ. ಔಷಧ ಬೆರೆತ ತಟ್ಟೆಯಲ್ಲಿ ಅದೊಂದೇ ಬೆಳೆಯುತ್ತೆ. ಯಾರ ಕೈ ಅಂತ ಈ ತಟ್ಟೆಗಳೇ ಹೇಳಬೇಕು.”

“ಮಾಡೋಕೆ ಬೇರೆ ಯಾರೂ ಇಲ್ವಾ?”

“ಇದ್ದದ್ದು ಇಬ್ಬರೇ. ಅಮ್ಮ, ನಾನು.”

ಔಷಧ ಬೆರೆಸಿ, ನೊರೆ ಏಳದಂತೆ ಸೀಸೆ ಆಡಿಸಿ, ಉರಿಯ ಪಕ್ಕದಲ್ಲಿ ಮೊದಲ ತಟ್ಟೆಯ ಮುಚ್ಚಳ ಎತ್ತಿದಳು. ಮಾವ ಮತ್ತೇನೋ ಕೇಳಿದ. ಅವಳು ತುಟಿ ಬಿಗಿದು ಸುರಿಯತೊಡಗಿದಳು.

*

ಸುರಿಯುವಾಗ ರಾಜಕಿಳಿಯೂ ಮಾತಾಡುತ್ತಿರಲಿಲ್ಲ. ಉಸಿರು ಬಿದ್ದರೆ ತಟ್ಟೆಯಲ್ಲಿ ಬೇಡದ್ದೆಲ್ಲ ಬೆಳೆಯುತ್ತದೆ. ಗಂಡ ತೀರಿಕೊಂಡ ಮೇಲೆ ಮಗಳನ್ನು ಬಾಗಿಲಾಚೆಯ ಸ್ಟೂಲಿನ ಮೇಲೆ ಕೂರಿಸಿಕೊಂಡೇ ಬೆಳೆಸಿದ್ದಳು. ಹೇಳಲು ಭಯವಾಗುವುದನ್ನೆಲ್ಲ ಜೆಬಕನಿ ಆ ಹೊತ್ತಿಗೇ ಇಟ್ಟುಕೊಳ್ಳುತ್ತಿದ್ದಳು. ಅಮ್ಮ ನಡುವೆ ಬೈಯುವಂತಿರಲಿಲ್ಲ. ಪರೀಕ್ಷೆಯಲ್ಲಿ ನಪಾಸಾದದ್ದು ಹಾಗೆ ಹೇಳಿದಳು. ಮದುವೆಯಾಗಿ ವರ್ಷ ತುಂಬುವ ಮೊದಲೇ ಪೆಟ್ಟಿಗೆ ಹಿಡಿದು ಬಂದಾಗಲೂ ನೇರ ಇಲ್ಲಿಗೇ ಬಂದಳು.

“ನಾನು ವಾಪಸ್ ಹೋಗಲ್ಲಮ್ಮ. ಹೊಡೀತಾನೆ.”

ಅಮ್ಮನ ಬೆನ್ನು ಅಲುಗಲಿಲ್ಲ. ಒಂದೊಂದೇ ತಟ್ಟೆ ತುಂಬಿತು. ಕೊನೆಯ ಮುಚ್ಚಳ ಹಾಕಿ, ಉರಿ ಆರಿಸಿ ತಿರುಗಿದಾಗ ರಾಜಕಿಳಿಯ ಒಂದು ಕೆನ್ನೆ ಪೂರ್ತಿ ಒದ್ದೆಯಾಗಿತ್ತು. ತಟ್ಟೆಗೆ ಬೀಳದಂತೆ ಮುಖ ಓರೆ ಮಾಡಿಕೊಂಡೇ ಅತ್ತಿದ್ದಳು.

“ಯಾರು ಹೋಗು ಅಂದ್ರು? ನಾಳೆಯಿಂದ ನನ್ನ ಜೊತೆ ಬಾ,” ಎಂದಳು. “ಕೈ ತೊಳೆಯೋದರಿಂದ ಶುರು.”

*

ರಾಜಕಿಳಿಯ ಶವಪೆಟ್ಟಿಗೆ ಗುಂಡಿಗಿಳಿಯಿತು. ಪಾದ್ರಿಗಳ ಪ್ರಾರ್ಥನೆ ಮುಗಿದು, ಎಳೆಮಕ್ಕಳ ವಾರ್ಡಿನ ದಾದಿಯರು ಹಿಡಿಮಣ್ಣಿಗೆ ಬಗ್ಗಿದರು.

“ಮಣ್ಣು ಮುಟ್ಟಬೇಡಿ!”

ಜೆಬಕನಿಯ ಕೂಗಿಗೆ ಎಲ್ಲರೂ ಬೆಚ್ಚಿದರು. ಅವಳು ಕೈಯಲ್ಲಿದ್ದ ತಟ್ಟೆಗಳ ಡಬ್ಬಿ ತೆರೆಯುತ್ತಿದ್ದಳು.

“ಏನೇ ಇದು?” ಹಿರಿಯ ದಾದಿ ಎಸ್ತರ್ ಕೆಂಡವಾದಳು. “ನಿಮ್ಮಮ್ಮನ ಜೊತೆ ಒಂದೇ ಬುತ್ತಿಯಲ್ಲಿ ಉಂಡವಳು ನಾನು. ಮಣ್ಣು ಹಾಕೋಕೂ ಬಿಡಲ್ವಾ?”

“ಹಾಕುವಿರಂತೆ ಅಕ್ಕ, ಮೊದಲು ಈ ತಟ್ಟೆಗೆ ಬೆರಳು ಒತ್ತಿ. ಮಣ್ಣಾದರೆ ಕೈಯಲ್ಲಿರೋ ಕ್ರಿಮಿ ಗೊತ್ತಾಗಲ್ಲ. ಡ್ಯೂಟಿಯಲ್ಲಿ ಇದ್ದವರದು ವಾರ್ಡಲ್ಲೇ ತಗೊಂಡೆ. ನೀವೆಲ್ಲ ಇಲ್ಲಿಂದ ಹಾಗೇ ಊರಿಗೆ ಹೋಗ್ತೀರಿ. ಮೂರನೇ ಮಗೂಗೆ ಜ್ವರ ಶುರುವಾಗಿದೆ.”

“ಹೆಣದ ಮುಂದೆ ಇದೆಂಥ ವಿಚಾರಣೆ!” ಹಿಂದಿನಿಂದ ಯಾರೋ ಗೊಣಗಿದರು.

ಎಸ್ತರ್ ತನ್ನ ಅಂಗೈ ನೋಡಿಕೊಂಡಳು. ದನಿ ಇಳಿಯಿತು. “ನನ್ನಲ್ಲೇ ಇದ್ದರೆ? ಆ ಎರಡೂ ಮಕ್ಕಳ ಮೈ ಒರೆಸಿದ್ದು ನಾನೇ ಕಣೇ.”

ಜೆಬಕನಿ ತಟ್ಟೆ ಹಿಡಿದು ನಿಂತಳು. ಗಾಳಿ ಎದ್ದು ಗುಂಡಿಯ ಅಂಚಿನ ಧೂಳು ಹಾರತೊಡಗಿತು. ತಂಗದುರೈ ಮಾವ ಹೆಗಲ ಟವೆಲು ಕೊಡವದೆ ಮೆಲ್ಲಗೆ ಬಿಡಿಸಿ, ಎರಡೂ ಕೈಯಿಂದ ಅಡ್ಡ ಹಿಡಿದ.

ಆ ಮರೆಯಲ್ಲಿ ಮುಚ್ಚಳ ತೆರೆಯಿತು. ಎಸ್ತರ್ ಕಣ್ಣು ಮುಚ್ಚಿ ಐದೂ ಬೆರಳು ಒತ್ತಿದಳು. ಹಿಂದಿದ್ದವರು ಒಬ್ಬೊಬ್ಬರಾಗಿ ಬಳೆ ಮೇಲೇರಿಸಿಕೊಂಡು ಮುಂದೆ ಬಂದರು. ನಸುಹಳದಿ ಅಗರ್ ಮೇಲೆ ಬೆರಳ ಕುಳಿಗಳು ಮೂಡುತ್ತ ಹೋದವು. ಕೊನೆಯ ಬೆರಳು ಒತ್ತುವವರೆಗೂ ಮಾವನ ಟವೆಲು ಕೆಳಗಿಳಿಯಲಿಲ್ಲ.